ಮೊದಲ ವೀಳ್ಯ

“ಗವಿಸಿದ್ದಪ್ಪನ ಕೊಂಬಿ ಅಲ್ಲಿಗೇ ನಿಲ್ಲಸು. ಅವಗ ಗಂಡುಮಕ್ಕಳಿಲ್ಲ,” ಎಂದು ಚಿದಾನಂದಪ್ಪ ಏಣಿಯ ಮೇಲಿದ್ದ ಪೇಂಟರ್‌ಗೆ ಹೇಳಿಬಿಟ್ಟರು.

ಗಾಂಧಿನಗರದ ಅವರ ಹೊಸ ಮನೆಯ ಹಾಲಿನಲ್ಲಿ ವಂಶವೃಕ್ಷ ಗೋಡೆ ತುಂಬ ಹಬ್ಬುತ್ತಿತ್ತು. ನಾಳೆ ಗೃಹಪ್ರವೇಶ. ಕೆಳಗೆ ನಿಂತು ಒಂದೊಂದೇ ಹೆಸರು ಹೇಳಿಕೊಡುತ್ತಿದ್ದವಳು ಅವರ ತಮ್ಮ ಗವಿಸಿದ್ದಪ್ಪನ ಒಬ್ಬಳೇ ಮಗಳು ಅಕ್ಷತಾ. ಡಿಗ್ರಿ ಮುಗಿಸಿ ಮನೆಯಲ್ಲಿದ್ದವಳನ್ನು ದೊಡ್ಡಪ್ಪನೇ ಈ ಕೆಲಸಕ್ಕೆ ಹಚ್ಚಿದ್ದರು. ಕುರುಗೋಡು, ಸಿರುಗುಪ್ಪ ಎಂದು ಬಸ್ಸಿನಲ್ಲಿ ಅಲೆದು, ಮುದುಕಿಯರ ಪಕ್ಕ ಕೂತು ಎಲೆಅಡಿಕೆ ಕುಟ್ಟಿಕೊಟ್ಟು, ಏಳು ತಲೆಮಾರಿನ ಹಿರಿಯರನ್ನು ಕರೆತಂದವಳು ಅವಳು. ಅವರೆಲ್ಲ ಗೋಡೆ ಹತ್ತಿದರು. ಅವಳಿಗೆ ಜಾಗವಿಲ್ಲ.

ನಾಲ್ಕು ಜನರೆದುರು ದನಿ ತೆಗೆಯುವ ಹುಡುಗಿಯಲ್ಲ. ಆದರೆ ಪಕ್ಕದಲ್ಲಿ ಅಪ್ಪ ತಲೆ ತಗ್ಗಿಸಿದ್ದು ಕಂಡಿತು.

“ಹಂಗಾದ್ರ ಮರಾನ ಬುಡದಾಗ ಕಡೀಬೇಕಾಗ್ತೈತಿ, ದೊಡ್ಡಪ್ಪ. ಬುಡದಾಗ ಬರಸಿದ ಕರಿಬಸವಪ್ಪ ವಿರೂಪಾಕ್ಷಪ್ಪನ ಮಗ ಅಲ್ಲ. ಗಂಡುಮಕ್ಕಳಿಲ್ಲದ ಮನಿಗೆ ಸಿರುಗುಪ್ಪದಿಂದ ಇಲ್ಲಟಕ್ಕ ತಂದು ಇಟ್ಕೊಂಡ ಮನಿ ಅಳಿಯ. ಮನಿಮಗಳು ಆತನ ಹೆಂಡ್ತಿ ಜಡೆಮ್ಮ. ನಾವೆಲ್ಲಾ ಆಕಿ ಕುಡಿ.”

ಚಿದಾನಂದಪ್ಪ ನಕ್ಕರು. ಓದಿದ ಹುಡುಗಿಯರು ಸತ್ತ ಮುತ್ತಜ್ಜನನ್ನೂ ಮನೆಯಿಂದ ಹೊರಗೆ ಹಾಕುತ್ತಾರೆ ನೋಡು ಎಂದು ಪೇಂಟರ್‌ನ ಕಡೆ ಕಣ್ಣು ಮಿಟುಕಿಸಿದರು. ಅಕ್ಷತಾ ಕದಲಲಿಲ್ಲ. ಈ ಮನೆತನದ ಯಾವ ಶುಭಕಾರ್ಯಕ್ಕೂ ಕರೆಯುವ ಮೊದಲ ವೀಳ್ಯ ಸಿರುಗುಪ್ಪದ ಆ ಒಂದೇ ಮನೆಗೆ ಏಕೆ ಹೋಗುತ್ತದೆ, ಈ ಸಲವೂ ಅವರೇ ಕಾರು ತೆಗೆದುಕೊಂಡು ಹೋಗಿ ಕೊಟ್ಟು ಬಂದರಲ್ಲ, ಅದು ಯಾರ ಮನೆ ಎಂದು ಕೇಳಿದಳು.

ಉತ್ತರ ಬಂದದ್ದು ದಿವಾನದ ಮೇಲೆ ಕೂತಿದ್ದ ಅಜ್ಜಿ ಚನ್ನವೀರಮ್ಮನಿಂದ.

“ಮಗನ್ನ ಕೊಟ್ಟ ಮನಿಗೆ ಮೊದಲ ಮರ್ಯಾದಿ ಅಂತ ನಮ್ಮತ್ತಿ ಹೇಳತಿದ್ಲು, ಚಿದಾನಂದ. ಇಷ್ಟು ವರ್ಷ ವೀಳ್ಯ ಕೊಟ್ಟು ಬಂದಿ. ಯಾಕಂತ ಒಮ್ಮಿನೂ ಕೇಳಲಿಲ್ಲ ನೀನು.”

ಪೇಂಟರ್ ಬ್ರಷ್ಷನ್ನು ಗಾಳಿಯಲ್ಲೇ ಹಿಡಿದಿದ್ದ. “ಏನ್ ಮಾಡ್ಲಿರಿ ಸಾವ್ಕಾರ್ರೆ? ಬುಡದಾಗಿಂದು ಅಳಸ್ಲೋ, ತುದೀದು ಬರೀಲೋ?”

ಚಿದಾನಂದಪ್ಪ ಗೋಡೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಅಲ್ಲಿ ಅವರೂ ಇದ್ದರು, ಅವರ ಇಬ್ಬರು ಗಂಡುಮಕ್ಕಳೂ ಇದ್ದರು.

“ಬರಿ,” ಎಂದರು. “ಅಕ್ಷತಾ ಅಂತ ಬರಿ. ಹಂಗೇ ಜಡೆಮ್ಮಂದೂ ಸರಿ ಮಾಡು.”

ಕೊಳಗಲ್ಲಿಗೆ ಮದುವೆ ಮಾಡಿ ಕೊಟ್ಟ ಅವರದೇ ಮಗಳು ಗಂಗೋತ್ರಿ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ನಂದು ಯಾವ ಕೊಂಬಿ, ಅಪ್ಪ?”