ಗುಳಿಗೆ ಕೊಟ್ಟವನ ಹೆಸರು

“ಇವಳಿಗೆ ಮೊದಲು ಯಾವ ಗುಳಿಗೆ ಕೊಡ್ತಿದ್ರಿ, ಅದನ್ನ ಹೇಳಿ ಸಾಕು,” ಎಂದು ಡಾಕ್ಟರ್ ಯಶೋಧರಾ ಮೂರನೆಯ ಸಲ ಕೇಳಿದರು. ಆಸ್ಪತ್ರೆಯ ಮಂಚದ ಮೇಲೆ ಸೊಸೆ ಚಂದನಾ ಚಳಿಜ್ವರದಲ್ಲಿ ನಡುಗುತ್ತಿದ್ದಳು. ಅತ್ತೆ ಬೊಮ್ಮಮ್ಮ ಸೆರಗಿನ ತುದಿ ತಿರುವುತ್ತ ನಿಂತಿದ್ದಳು.

“ಉರಿಮೂತ್ರದ ಸೋಂಕು ರಕ್ತಕ್ಕೆ ಏರಿದೆ. ಎರಡು ದಿನದಿಂದ ಕೊಟ್ಟ ಇಂಜೆಕ್ಷನ್‌ಗೆ ಜಗ್ಗುತ್ತಿಲ್ಲ. ಈ ಕ್ರಿಮಿ ಯಾವ್ಯಾವ ಔಷಧಿ ಕಂಡು ಗಟ್ಟಿಯಾಗಿದೆಯೋ ಗೊತ್ತಾಗಬೇಕು. ಪರೀಕ್ಷೆಯ ವರದಿಗೆ ಇನ್ನೂ ಎರಡು ದಿನ. ಅಷ್ಟು ಹೊತ್ತು ಇವಳು ತಡೆಯೋದು ಕಷ್ಟ.”

“ನಮಗೇನು ಗೊತ್ತಾಗ್ತೈತ್ರಿ ಮೇಡಂ. ಬಿಳಿ ಗುಳಿಗಿ ಇರ್ತಿದ್ವು.”

ಗೊತ್ತಿಲ್ಲದೆ ಏನು. ತಮ್ಮೂರು ಇಟ್ಟಿಗಿಯಲ್ಲಿ ಔಷಧಿ ಅಂಗಡಿ ಇಟ್ಟ ಪಾಲಾಕ್ಷಪ್ಪ ಕೊಡುತ್ತಿದ್ದ ಗುಳಿಗೆ ಅವು. ಉರಿ ಬಂದಾಗಲೆಲ್ಲ ನಾಲ್ಕು ತರುವುದು, ಎರಡಕ್ಕೇ ಆರಾಮಾದರೆ ಉಳಿದೆರಡು ಮುಂದಿನ ಸಲಕ್ಕೆ. ಆದರೆ ಅವನ ಹೆಸರು ಹೇಳಿ, ಚೀಟಿ ಇಲ್ಲದೆ ಕೊಟ್ಟನೆಂದು ನಾಳೆ ಅಂಗಡಿಗೆ ಬೀಗ ಬಿದ್ದರೆ? ಮಗ ಮೈಲಾರೇಶನಿಗೆ ಹಾವು ಕಚ್ಚಿದ ದಿನ ಬೈಕಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದವನು ಅವನೇ. ಉಂಡ ಮನೆಗೆ ಎರಡು ಬಗೆಯುವ ಹೆಂಗಸಲ್ಲ ಬೊಮ್ಮಮ್ಮ. ಸೊಸೆಗೆ ಹೊದಿಕೆ ಎಳೆದು ಹೊದಿಸಿದಳು, ಹೆಸರು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ಮೋಸಂಬಿ ಚೀಲ ಹಿಡಿದು ಪಾಲಾಕ್ಷಪ್ಪನೇ ಒಳಬಂದ. ಬೊಮ್ಮಮ್ಮ ಗಾಬರಿಬಿದ್ದು, “ಇವರು ನಮ್ಮ ಊರನೋರ್ರಿ ಮೇಡಂ, ಸುಮ್ಮನ ನೋಡಾಕ ಬಂದಾರ,” ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಡಾಕ್ಟರು ಅವನಿಗೂ ಅದೇ ಪ್ರಶ್ನೆ ಹಾಕಿದರು. ಪಾಲಾಕ್ಷಪ್ಪ ಬೊಮ್ಮಮ್ಮನನ್ನು ನೋಡಿದ, ಚಂದನಾಳ ಒಣಗಿದ ತುಟಿ ನೋಡಿದ, ಚೀಲ ಕೆಳಗಿಟ್ಟ.

“ಗುಳಿಗಿ ಕೊಟ್ಟಾಂವ ನಾನೇ ರೀ ಮೇಡಂ. ಡಾಕ್ಟ್ರ ಚೀಟಿ ಇಲ್ಲದ ಕೊಟ್ಟೀನಿ. ಎರಡು ವರ್ಷದಾಗ ಮೂರು ನಮೂನಿ. ಬರಕೊಳ್ರಿ.”

ಒಂದೊಂದಾಗಿ ಹೆಸರು ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಬೈಯಲಿಲ್ಲ. ಮೂರನ್ನೂ ಬರೆದು, ಮೂರಕ್ಕೂ ಗೀಟು ಹಾಕಿ, ಬೇರೆ ಇಂಜೆಕ್ಷನ್ ತರಿಸಿದರು.

ಮೂರನೆಯ ದಿನ ಚಂದನಾ ಎದ್ದು ಕೂತು, ಗಂಜಿ ಬೇಡ ರೊಟ್ಟಿ ಬೇಕು ಎಂದು ಹಟ ಹಿಡಿದಳು. ಅಷ್ಟರಲ್ಲಿ ಬಂದ ವರದಿಯಲ್ಲೂ ಆ ಮೂರೂ ಗುಳಿಗೆ ಈ ಕ್ರಿಮಿಗೆ ನಾಟುವುದಿಲ್ಲ ಎಂದೇ ಇತ್ತು. ಬೊಮ್ಮಮ್ಮ ವರಾಂಡದಲ್ಲಿ ಪಾಲಾಕ್ಷಪ್ಪನ ಎರಡೂ ಕೈ ಹಿಡಿದು ಅತ್ತುಬಿಟ್ಟಳು.

“ಅವತ್ತು ಮಗನ್ನ ಉಳಿಸಿದಿ, ಇವತ್ತು ಸೊಸಿನ್ನ ಉಳಿಸಿದಿ. ನಿನ್ನ ಉಪಕಾರ ನಾ ಹೆಂಗ ತೀರಸ್ಲಿ ಪಾಲಾಕ್ಷಣ್ಣ?”

ಅವನು ತಲೆ ಎತ್ತಲಿಲ್ಲ.

“ತೀರಸೂದಾದ್ರ ಒಂದು ಮಾಡು ಯಕ್ಕ. ಇನ್ನ ಮ್ಯಾಲೆ ನಾನು ಪ್ರೀತಿಲೆ ಗುಳಿಗಿ ಕೊಟ್ರೂ ಇಸ್ಕೋಬ್ಯಾಡ.”