ಮರಿಯ ಕಾಲು

ಗಂಡನನ್ನು ಮಣ್ಣು ಮಾಡಿ ಇಗರ್ಜಿಯಿಂದ ಕೊರೆಯುವ ಚಳಿಯಲ್ಲಿ ನೇರ ಕೋಳಿ ಶೆಡ್ಡಿಗೆ ನಡೆದು ಬಂದ ನೋಲ್ವೆನ್, ಬೆಳಿಗ್ಗೆಯಷ್ಟೇ ಬಂದಿಳಿದ ಕೋಳಿಮರಿಯೊಂದನ್ನು ಎತ್ತಿ ಅದರ ಕಾಲನ್ನು ಕೆನ್ನೆಗೆ ಒತ್ತಿಕೊಂಡಳು. ಮರಿಗಳಿಗೆ ಶಾಖ ಸಾಕೇ ಎಂದು ಅವನು ನೋಡುತ್ತಿದ್ದದ್ದು ಹಾಗೆಯೇ.

"ಬೆಚ್ಚಗಿದೆ ಅತ್ತೆ, ಸಾಕು." ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ.

ಗಾಡಿಯಲ್ಲಿ ಮೊದಲೇ ಬಂದಿದ್ದ ಅತ್ತೆ ಮಾರಿವೋನ್ ಅದೇ ಮರಿಯ ಕಾಲನ್ನು ತನ್ನ ಕೆನ್ನೆಗಿಟ್ಟು ನೋಡಿದಳು. "ಎಲ್ಲಿ ಬೆಚ್ಚಗಿದೆ? ಮಂಜುಗಡ್ಡೆ ಆಗಿದೆ ಕಣೇ! ಅಷ್ಟೂ ಮರಿ ಸತ್ತುಹೋಗ್ತಿದ್ವು." ಮರಿಗಳ ಮೇಲೆ ತೂಗುಹಾಕಿದ್ದ ಗ್ಯಾಸ್ ಹೀಟರಿನ ಉರಿ ಏರಿಸಿ ಬಂದು ಸೊಸೆಯ ಕೆನ್ನೆ ಮುಟ್ಟಿದಳು, ಮೆಲ್ಲಗೆ ಶಿಲುಬೆಯ ಗುರುತು ಹಾಕಿಕೊಂಡಳು. "ನೀನೇ ಇಷ್ಟು ತಣ್ಣಗಿದ್ರೆ ಇನ್ನೇನು ಗೊತ್ತಾಗುತ್ತೆ? ಕೂತ್ಕೋ ಮಗಳೇ, ಇಲ್ಲೇ, ಉರಿಯ ಕೆಳಗೆ."

ನೋಲ್ವೆನ್ ನೆಲಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ಕುಳಿತಳು. ಮರಿಗಳು ಒಂದೊಂದಾಗಿ ಅವಳ ಕರಿಯ ಲಂಗದ ಅಂಚಿಗೆ ಬಂದು ಒತ್ತಿಕೊಂಡವು. ತುಸು ಹೊತ್ತಿಗೆ ಅವಳ ಹಲ್ಲು ಕಟಕಟ ಅನ್ನತೊಡಗಿತು.

"ಅತ್ತೆ," ಎಂದಳು, "ಚಳಿ ಆಗ್ತಿದೆ."