ಒಬ್ಬರಿಗೆ ಒಂದೇ ಪ್ರಶ್ನೆ

ಉತ್ತರದ ಎರಡು ಸಾಲಿನ ಸಂಕೇತ ಆಗಲೇ ಬಿಡಿಸಿಯಾಗಿತ್ತು. ವಾರಿಜಾ ಮೂರನೆಯದನ್ನು ಬಿಡಿಸುತ್ತಿದ್ದಳು. ಹನ್ನೆರಡು ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರದವರ ಜೊತೆ ರೇಡಿಯೊದಲ್ಲಿ ಮಾತು ಶುರುವಾಗಿ ಮೂರು ತಲೆಮಾರಾಗಿದೆ. ಪ್ರಶ್ನೆ ಹೋಗಿ ಉತ್ತರ ಬರಲು ಇಪ್ಪತ್ನಾಲ್ಕು ವರ್ಷ ಬೇಕು. ಹಾಗಾಗಿ ಒಬ್ಬ ವಿಜ್ಞಾನಿಗೆ ಇಡೀ ಸರ್ವೀಸಿನಲ್ಲಿ ಒಂದೇ ಪ್ರಶ್ನೆ.

ಸರದಿ ಬಂದಾಗ ಅವಳಿಗೆ ಮೂವತ್ತನಾಲ್ಕು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. 'ನಿಮ್ಮಲ್ಲಿ ಮುದುಕರನ್ನು ಯಾರು ನೋಡಿಕೊಳ್ಳುತ್ತಾರೆ?' ಎಂದು ಬರೆದುಕೊಟ್ಟಿದ್ದಳು. ನಿರ್ದೇಶಕ ರಾಜಶೇಖರಯ್ಯ ಎಲ್ಲರೆದುರೇ ನಕ್ಕಿದ್ದರು. "ಅತ್ತೆ ಮೇಲೆ ದೂರು ಹೇಳೋಕೆ ಇಷ್ಟು ದೊಡ್ಡ ಆಂಟೆನಾ ಬೇಕೇನಮ್ಮ?" ಕೊನೆಗೆ ಅವಳ ಹೆಸರಿನಲ್ಲೇ ಲೋಹ ಶುದ್ಧಿ ಮಾಡುವ ವಿಧಾನ ಕೇಳಿ ಕಳಿಸಿದ್ದರು.

ಈಗ ಅವರಿಗೆ ಎಂಬತ್ತು. ಫೋಟೊಗೆಂದು ಶಾಲು ಹೊದ್ದು ಬಂದು ಅವಳೆದುರು ಕುಳಿತಿದ್ದರು.

"ಏನು ಬರೆದಿದಾರೆ?"

ವಾರಿಜಾ ಪರದೆ ನೋಡಿದಳು. 'ವಾರಿಜಾ ಅವರೇ, ಲೋಹದ ವಿಷಯ ನಿಮ್ಮವರು ಹಿಂದೆ ಎರಡು ಸಲ ಕೇಳಿದ್ದಾರೆ. ವಿಧಾನವನ್ನು ಮತ್ತೆ ಕಳಿಸಿದ್ದೇವೆ. ನಿಮಗೆ ಬೇರೇನೂ ಕೇಳುವುದಿರಲಿಲ್ಲವೇ?'

"ವಿಧಾನ ಕಳಿಸಿದಾರೆ, ಸರ್."

"ನೋಡಿದ್ಯೇನಮ್ಮ? ನನ್ನ ಮಾತು ಕೇಳಿದ್ದಕ್ಕೆ ನಿನಗೂ ಒಂದು ಹೆಸರು ಬಂತು." ಅವರು ಫೋಟೊದವನನ್ನು ಕರೆದರು.

ಉತ್ತರ ತಲುಪಿತೆಂದು ನಾಲ್ಕು ಪದಗಳಲ್ಲಿ ಮರಳಿ ತಿಳಿಸುವುದು ಅವಳದೇ ಕೆಲಸ. ಆ ನಾಲ್ಕು ಪದಗಳನ್ನು ಇಲ್ಲಿ ಯಾರೂ ಓದಿ ನೋಡುವುದಿಲ್ಲ. ಈ ಸಲ ಅವುಗಳ ಕೆಳಗೆ ತನ್ನ ಪ್ರಶ್ನೆಯನ್ನೂ ಸೇರಿಸಿ ಕಳಿಸುವುದೆಂದು ನಿಶ್ಚಯಿಸಿ ವಾರಿಜಾ ಕ್ಯಾಮೆರಾದ ಕಡೆ ತಿರುಗಿದಳು.

ಉತ್ತರ ಬರುವ ಹೊತ್ತಿಗೆ ಅವಳಿಗೆ ಎಂಬತ್ತೆರಡು.